ಗೆದ್ದ ಯುದ್ಧ ಓಟು ಎಷ್ಟು ದಿನ ತಂದುಕೊಡುತ್ತೆ?

ಪಾಕಿಸ್ತಾನದ ವಿರುದ್ಧ 1971ರ ಯುದ್ಧ ಗೆದ್ದ ಇಂದಿರಾ ಗಾಂಧಿ 1978ರಲ್ಲಿ ನಮ್ಮ ಚಿಕ್ಕಮಗಳೂರಿಗೆ ಬಂದು ಉಪಚುನಾವಣೆಗೆ ಯಾಕೆ ನಿಲ್ಲಬೇಕಾಯಿತು ಅಂತ ಕೇಳಿದ್ದೀರಿ. ಒಳ್ಳೆ ಪ್ರಶ್ನೆ.

ಗೆಲುವಿನ ಅಲೆ ಇತ್ತು, ನಿಜ. 1972ರ ವಿಧಾನಸಭೆ ಚುನಾವಣೆಗಳಲ್ಲಿ ಕಾಂಗ್ರೆಸ್ ಭರ್ಜರಿಯಾಗಿ ಗೆದ್ದಿತು, ಇಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. ಆದರೆ ಪೂರ್ವ ಪಾಕಿಸ್ತಾನದಿಂದ (ಈಗಿನ ಬಾಂಗ್ಲಾದೇಶ) ಬಂದ ಒಂದು ಕೋಟಿಯಷ್ಟು ನಿರಾಶ್ರಿತರನ್ನು ಸಾಕಿದ ಖರ್ಚು, ಯುದ್ಧದ ಖರ್ಚು, ಮೇಲೆ ಬರಗಾಲ, 1973ರಲ್ಲಿ ತೈಲ ಬೆಲೆ ಏರಿಕೆ, ಎಲ್ಲ ಸೇರಿ ದಿನಸಿ ಅಂಗಡಿಗೆ ಹೋದವರ ಕೈ ಸುಟ್ಟಿತು. ಹೊಟ್ಟೆ ಹಸಿದಾಗ ಢಾಕಾ ಗೆದ್ದಿದ್ದು ಎಷ್ಟು ದಿನ ನೆನಪಿರುತ್ತೆ ಹೇಳಿ?

ಜಾಸ್ತಿ ಜನ ಗಮನಿಸದ ಒಂದು ವಿಷಯ ಇದೆ. 1971ರ ಡಿಸೆಂಬರ್ 3ರಂದು ಯುದ್ಧಕ್ಕಾಗಿ ಹೇರಿದ ತುರ್ತು ಪರಿಸ್ಥಿತಿಯನ್ನು ಯುದ್ಧ ಮುಗಿದ ಮೇಲೂ ತೆಗೆಯಲೇ ಇಲ್ಲ, 1975ರ ಜೂನ್‌ನಲ್ಲಿ ಅದರ ಮೇಲೇ ಇನ್ನೊಂದನ್ನು ಹೇರಿದರು. ವಿರೋಧಿಗಳನ್ನು ಜೈಲಿಗೆ ಹಾಕಲು ಬಳಸಿದ ಮೀಸಾ (ವಿಚಾರಣೆ ಇಲ್ಲದೆ ಬಂಧಿಸಲು ಬಿಡುವ ಆಂತರಿಕ ಭದ್ರತಾ ಕಾಯ್ದೆ) ಕೂಡ 1971ರದ್ದೇ. ದೇಶದ ಭದ್ರತೆ ಅಂತ ಕೊಟ್ಟ ಅಧಿಕಾರ ನಮ್ಮವರ ಮೇಲೇ ತಿರುಗಿತು, ನನಗೆ ಇದೇ ದೊಡ್ಡ ನೋವು. 1977ರಲ್ಲಿ ಅವರದೇ ಕ್ಷೇತ್ರ ರಾಯ್‌ಬರೇಲಿ ಇಂದಿರಾರನ್ನು ಸೋಲಿಸಿತು. ಆಮೇಲೆ ಚಿಕ್ಕಮಗಳೂರಿನ ಸಂಸದ ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು, ಇಂದಿರಾ ಇಲ್ಲಿ ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಸೋಲಿಸಿದರು.

ವಿದೇಶಾಂಗದ್ದು ಬೇರೆ ಕಥೆ, ಅಲ್ಲಿ ಪರಿಣಾಮ ತುಂಬಾ ವರ್ಷ ಉಳಿಯಿತು. 1971ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದ ಜೊತೆ 20 ವರ್ಷದ ಒಪ್ಪಂದ ಆಯಿತು. ಅಮೆರಿಕ ಬಂಗಾಳ ಕೊಲ್ಲಿಗೆ ಯುದ್ಧನೌಕೆ ಕಳಿಸಿದ್ದನ್ನು ದೆಹಲಿ ಸುಲಭಕ್ಕೆ ಮರೆಯಲಿಲ್ಲ. ನಮ್ಮ ತೋಟದವರಿಗೂ ಆ ಸ್ನೇಹ ಗೊತ್ತು: ಬೆಳೆಗಾರರ ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡೇ ಮಾರುತ್ತಿದ್ದ ಕಾಲದಲ್ಲಿ ಸೋವಿಯತ್ ದೊಡ್ಡ ಗಿರಾಕಿ, ಅದೂ ರೂಪಾಯಿ ಲೆಕ್ಕದಲ್ಲಿ.