ಬ್ಯಾರಿ ಬಿದ್ದಿದ್ದು ಮೋಸದಿಂದ ಅಲ್ಲ, ಮೇಡಂ

ಧಾರವಾಡದ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ಉದ್ದವಾಗಿದೆ, ಖಾರವಾಗಿಯೂ ಇದೆ. ಪೂರ್ತಿ ಅಚ್ಚು ಹಾಕಲು ಜಾಗ ಇಲ್ಲದ್ದರಿಂದ ಉಳಿದ ಓದುಗರಿಗಾಗಿ ಸಾರ ಮಾತ್ರ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ನಾವು ಸ್ಟ್ಯಾನ್ಲಿ ಕುಬ್ರಿಕ್ 1975ರಲ್ಲಿ ತೆಗೆದ 'ಬ್ಯಾರಿ ಲಿಂಡನ್' ಬಗ್ಗೆ ಬರೆದಿದ್ದೆವು. ಅದನ್ನು ಓದಿ ನೀವು ಸಿನಿಮಾ ನೋಡಿದಿರಿ, ನೋಡಿ ಸಿಟ್ಟಾದಿರಿ. "ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದ ಅಂತ ಒಂದೇ ಸಾಲಲ್ಲಿ ಹೇಳೋದನ್ನ ಹೇಳೋಕೆ ಮೂರು ಗಂಟೆ ಬೇಕಾ?" ಅಂತ ಕೇಳಿದ್ದೀರಿ. ಸಿನಿಮಾ ಪೂರ್ತಿ ಚಿತ್ರಪ್ರದರ್ಶನದ ಹಾಗಿದೆ, ಏನೂ ಅಲ್ಲಾಡುವುದಿಲ್ಲ ಅಂದಿದ್ದೀರಿ. ಅಷ್ಟೆಲ್ಲ ಜನರಿಗೆ ಟೋಪಿ ಹಾಕಿದವನು ಕೊನೆಗೆ ಕಾಲು ಕಳೆದುಕೊಂಡಾಗ ನಿಮಗೆ ಕಣ್ಣೀರು ಬಂತು, ಅದು ಡೈರೆಕ್ಟರ್ ನಿಮಗೆ ಮಾಡಿದ ಮೋಸ ಅನ್ನುವುದು ದೊಡ್ಡ ದೂರು. ಇದರ ಮೇಲೆ, ಇಂಗ್ಲಿಷರ ಹಳೇ ಶ್ರೀಮಂತರ ಕತೆ ಕಟ್ಟಿಕೊಂಡು ಕನ್ನಡ ಪತ್ರಿಕೆಗೆ ಏನಾಗಬೇಕು ಅಂತಲೂ ಕೇಳಿದ್ದೀರಿ.

ಕೊನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಯಾಕಂದ್ರೆ ನೀವು ಧಾರವಾಡದವರು. ಈ ಸಿನಿಮಾಕ್ಕೆ ಮೂಲ ವಿಲಿಯಂ ಮೇಕ್‌ಪೀಸ್ ಥ್ಯಾಕರೆ 1844ರಲ್ಲಿ ಧಾರಾವಾಹಿಯಾಗಿ ಬರೆದ ಕಾದಂಬರಿ. ಥ್ಯಾಕರೆ ಅನ್ನುವ ಹೆಸರು ನಿಮ್ಮ ಊರಲ್ಲಿ ಯಾರಿಗೆ ಗೊತ್ತಿಲ್ಲ? 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಚೆನ್ನಮ್ಮನ ಸೈನ್ಯದ ಕೈಯಲ್ಲಿ ಸತ್ತ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಇದೇ ಲೇಖಕನ ಚಿಕ್ಕಪ್ಪ. ಲೇಖಕ ಹುಟ್ಟಿದ್ದೂ ಕೋಲ್ಕತ್ತಾದಲ್ಲಿ, 1811ರಲ್ಲಿ. ಅಪ್ಪ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ಕಿತ್ತೂರಿನಲ್ಲಿ ಚಿಕ್ಕಪ್ಪ ಸತ್ತಾಗ ಹುಡುಗನಿಗೆ 13 ವರ್ಷ, ಇಂಗ್ಲೆಂಡಿನಲ್ಲಿ ಶಾಲೆ ಓದುತ್ತಿದ್ದ. ದೊಡ್ಡವನಾದ ಮೇಲೆ ಅಪ್ಪ ಬಿಟ್ಟುಹೋದ ದುಡ್ಡಿನಲ್ಲಿ ಒಂದಷ್ಟನ್ನು ಜೂಜಾಡಿ ಕಳೆದ, ಇನ್ನೊಂದಷ್ಟು ಇಲ್ಲಿನ ಬ್ಯಾಂಕುಗಳು ದಿವಾಳಿಯಾದಾಗ ಮುಳುಗಿತು. ಇಸ್ಪೀಟಿನ ಮೇಜು, ಸಾಲ ಕೊಟ್ಟವರ ಕಾಟ, ದೊಡ್ಡವರ ಮನೆಯಲ್ಲಿ ಒಂದು ಕುರ್ಚಿಗಾಗಿ ಹಲ್ಲು ಗಿಂಜುವುದು, ಇದೆಲ್ಲ ಅವನು ಹತ್ತಿರದಿಂದ ಕಂಡಿದ್ದ.

ಇನ್ನು ಗಾದೆ. ಅದು ಬ್ಯಾರಿಗೆ ಹೊಂದುವುದಿಲ್ಲ ಮೇಡಂ. ಬ್ಯಾರಿ ಕೊಡೆ ಹಿಡಿದಿದ್ದು ಹಗಲು ಹೊತ್ತಿನಲ್ಲೇ, ಅದೂ ಸುತ್ತಲಿನವರು ಹೇಗೆ ಹಿಡಿಯುತ್ತಿದ್ದರೋ ಹಾಗೇ. ನನ್ನ ಪ್ರಕಾರ ಈ ಸಿನಿಮಾದ ತಿರುಳು ಇಲ್ಲೇ ಇದೆ. ಅವನು ಮೋಸ ಮಾಡಿದಷ್ಟು ದಿನ ಏರುತ್ತಲೇ ಹೋಗುತ್ತಾನೆ. ಬೀಳಲು ಶುರುವಾಗುವುದು ಮನಸ್ಸಿನಲ್ಲಿ ಇದ್ದದ್ದು ಮುಖದ ಮೇಲೆ ಬಂದಾಗ.

ಸಿನಿಮಾ ನೋಡದವರಿಗಾಗಿ ಕತೆ ಚುಟುಕಾಗಿ ಹೇಳುತ್ತೇನೆ. ರೆಡ್ಮಂಡ್ ಬ್ಯಾರಿ ಐರ್ಲೆಂಡಿನ ಬಡ ಹುಡುಗ. ಅಪ್ಪ ಕುದುರೆ ವ್ಯಾಪಾರದ ಜಗಳದಲ್ಲಿ ಪಿಸ್ತೂಲು ಕಾಳಗ ಮಾಡಿ ಸತ್ತವನು. ಸೋದರಸಂಬಂಧಿ ಹುಡುಗಿಯ ಮೇಲೆ ಮನಸ್ಸಾಗುತ್ತದೆ, ಅವಳನ್ನು ಮದುವೆಯಾಗಲು ಬಂದ ಇಂಗ್ಲಿಷ್ ಕ್ಯಾಪ್ಟನ್‌ಗೆ ಗುಂಡು ಹೊಡೆದು ಊರು ಬಿಡುತ್ತಾನೆ. ಆಮೇಲೆ ಗೊತ್ತಾಗುವುದೇನೆಂದರೆ ಪಿಸ್ತೂಲಿನಲ್ಲಿ ಗುಂಡೇ ಇರಲಿಲ್ಲ, ನಾರಿನ ಉಂಡೆ ತುಂಬಿದ್ದರು. ಕ್ಯಾಪ್ಟನ್ ಸತ್ತಿಲ್ಲ, ಮದುವೆಯಾಗಿ ಆರಾಮಾಗಿದ್ದಾನೆ. ಅವನ ವರ್ಷದ ವರಮಾನ ಕೈತಪ್ಪಬಾರದು ಅಂತ ಹುಡುಗಿಯ ಮನೆಯವರೇ ಹೂಡಿದ ಆಟ ಅದು. ಗಮನಿಸಿ, ಈ ಕತೆಯಲ್ಲಿ ಮೊದಲು ಮೋಸ ಮಾಡಿದವನು ಬ್ಯಾರಿ ಅಲ್ಲ, ಮೋಸ ಹೋದವನು.

ಅಲ್ಲಿಂದ ಮುಂದೆ ಪಾಠ ಕಲಿತುಬಿಡುತ್ತಾನೆ. ಸೈನ್ಯ ಸೇರುತ್ತಾನೆ, ಕೆರೆಯಲ್ಲಿ ಸ್ನಾನ ಮಾಡುತ್ತಿದ್ದ ಅಧಿಕಾರಿಯ ಬಟ್ಟೆ, ಕುದುರೆ, ಕಾಗದಪತ್ರ ಕದ್ದು ಓಡಿಹೋಗುತ್ತಾನೆ. ಪ್ರಷ್ಯಾದವರ ಕೈಗೆ ಸಿಕ್ಕಿ ಅವರ ಸೈನಿಕನಾಗುತ್ತಾನೆ, ಆಮೇಲೆ ಅವರ ಗೂಢಚಾರ. ಒಬ್ಬ ಜೂಜುಕೋರನ ಮೇಲೆ ಕಣ್ಣಿಡಲು ಕಳಿಸಿದರೆ, ಅವನೂ ಐರ್ಲೆಂಡಿನವನೇ ಅಂತ ತಿಳಿದು ಅವನ ಮುಂದೆ ಅತ್ತು ಎಲ್ಲ ಹೇಳಿಬಿಡುತ್ತಾನೆ. (ನನ್ನ ವಾದಕ್ಕೆ ಇದೊಂದು ಅಪವಾದ, ಅತ್ತು ಲಾಭ ಮಾಡಿಕೊಂಡಿದ್ದು ಇದೊಂದೇ ಸಲ.) ಇಬ್ಬರೂ ಸೇರಿ ಯುರೋಪಿನ ಅರಮನೆಗಳಲ್ಲಿ ಇಸ್ಪೀಟು ಆಡಿ ಶ್ರೀಮಂತರ ಜೇಬು ಖಾಲಿ ಮಾಡುತ್ತಾರೆ. ಹಾಗೆ ತಿರುಗುವಾಗಲೇ ಲೇಡಿ ಲಿಂಡನ್ ಕಣ್ಣಿಗೆ ಬೀಳುತ್ತಾಳೆ. ಮುದಿ ಗಂಡ ಗಾಲಿಕುರ್ಚಿಯಲ್ಲಿ, ಹೆಂಡತಿ ಇಸ್ಪೀಟಿನ ಮೇಜಿನಲ್ಲಿ. ಭೇಟಿಯಾಗಿ ಆರು ಗಂಟೆಯಲ್ಲಿ ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿತು ಅನ್ನುತ್ತಾನೆ ಕತೆ ಹೇಳುವವನು. ಗಂಡ ಸಾಯುತ್ತಾನೆ. 1773ರ ಜೂನ್ 15ಕ್ಕೆ ಮದುವೆ.

ಮದುವೆಯಾದ ಕೂಡಲೇ ಬರುವ ಸಾರೋಟಿನ ದೃಶ್ಯ ನಿಮಗೆ ನೆನಪಿರಬೇಕು. ಸ್ವಲ್ಪ ಹೊತ್ತು ಪೈಪ್ ಸೇದಬೇಡಿ ಅಂತ ಅವಳು ಕೇಳುತ್ತಾಳೆ. ಅವನು ಅವಳ ಮುಖಕ್ಕೇ ಹೊಗೆ ಬಿಟ್ಟು, ಆಮೇಲೆ ಮುತ್ತು ಕೊಡುತ್ತಾನೆ. ಆ ಗಳಿಗೆಯಲ್ಲಿ ನಾನೂ ನಿಮ್ಮ ಕಡೆಯೇ. ಅವನನ್ನು ಸಮರ್ಥಿಸಲು ಈ ಉತ್ತರ ಬರೆಯುತ್ತಿಲ್ಲ.

ಆದರೆ ಆಮೇಲಿನದನ್ನು ಸ್ವಲ್ಪ ನಿಧಾನಕ್ಕೆ ನೋಡಿ. ಹೆಂಡತಿಗೆ ಮೊದಲ ಗಂಡನಿಂದ ಒಬ್ಬ ಮಗ, ಬುಲಿಂಗ್ಡನ್. ಅವನನ್ನು ಬ್ಯಾರಿ ಕೋಣೆಗೆ ಕರೆದುಕೊಂಡು ಹೋಗಿ ಬೆತ್ತದಿಂದ ಬಾರಿಸುತ್ತಾನೆ, ಒಂದು ಸಲ ಅಲ್ಲ. ಯಾರೂ ತಕರಾರು ತೆಗೆಯುವುದಿಲ್ಲ. ಹೆಂಡತಿಗೆ ಮೋಸ ಮಾಡುತ್ತಾನೆ, ಅದೂ ನಡೆಯುತ್ತದೆ. ಅವಳ ದುಡ್ಡನ್ನು ನೀರಿನಂತೆ ಚೆಲ್ಲುತ್ತಾನೆ. ಲಾರ್ಡ್ ಅನ್ನುವಂಥ ಪದವಿ ಇಲ್ಲದಿದ್ದರೆ ಹೆಂಡತಿ ಸತ್ತ ಮರುದಿನ ನೀನು ಬೀದಿಪಾಲು ಅಂತ ಅವನ ತಾಯಿ ಎಚ್ಚರಿಸಿದ್ದಾಳೆ, ಅದಕ್ಕೇ ಈ ಖರ್ಚು. ಔತಣ, ಉಡುಗೊರೆ, ಲಂಚ. ಒಂದು ಕಡೆ ಚಿತ್ರಪಟ ನೋಡುತ್ತಾ ನಿಂತು, ಕಲಾವಿದ ನೀಲಿ ಬಣ್ಣ ಬಳಸಿದ ರೀತಿ ನನಗೆ ಇಷ್ಟವಾಯಿತು ಅನ್ನುತ್ತಾನೆ, ಬೆಲೆ ಕೇಳುತ್ತಾನೆ. ಅವನಿಗೆ ಚಿತ್ರಕಲೆ ಏನೂ ಗೊತ್ತಿಲ್ಲ ಅನ್ನುವುದು ಮಾರುವವನಿಗೂ ಗೊತ್ತು. ದುಡ್ಡು ಬರುತ್ತಿದ್ದರೆ ಸಾಕು. ರಾಜ ಮೂರನೇ ಜಾರ್ಜ್‌ನ ಮುಂದೆ ನಿಂತಾಗ, ಅಮೆರಿಕದ ಯುದ್ಧಕ್ಕೆ ಬ್ಯಾರಿ ಒಂದು ತುಕಡಿ ಕಳಿಸಿದ್ದಾನೆ ಅಂತ ಹೇಳಿದರೆ, ಇನ್ನೊಂದು ತುಕಡಿ ಕಟ್ಟು, ಜೊತೆಗೆ ನೀನೂ ಹೋಗು ಅಂತ ರಾಜ ಮುಂದಿನವನ ಕಡೆ ತಿರುಗುತ್ತಾನೆ. ಲಕ್ಷ ಲಕ್ಷ ಸುರಿದವನಿಗೆ ಸಿಕ್ಕಿದ್ದು ಇಷ್ಟೇ.

ಹಾಗಾದರೆ ಅವನನ್ನು ಉರುಳಿಸಿದ್ದು ಯಾವುದು? ಸಂಗೀತ ಕಛೇರಿ. ಊರಿನ ಗಣ್ಯರೆಲ್ಲ ಕೂತಿದ್ದಾರೆ. ಬುಲಿಂಗ್ಡನ್ ಈಗ ಬೆಳೆದು ನಿಂತಿದ್ದಾನೆ. ತನ್ನ ದೊಡ್ಡ ಬೂಟುಗಳನ್ನು ಪುಟ್ಟ ತಮ್ಮ, ಅಂದರೆ ಬ್ಯಾರಿಯ ಸ್ವಂತ ಮಗ ಬ್ರಯಾನ್ ಕಾಲಿಗೆ ಹಾಕಿಸಿ, ಟಕ ಟಕ ಸದ್ದು ಮಾಡಿಸುತ್ತಾ ಕಛೇರಿಯ ನಡುವೆ ಕರೆತರುತ್ತಾನೆ. ಎಲ್ಲರ ಮುಂದೆ ಮಲತಂದೆಯನ್ನು ಅಯೋಗ್ಯ ಅಂತ ಜರೆಯುತ್ತಾನೆ. ಬ್ಯಾರಿ ತಡೆಯಲಾರದೆ ಹಿಂದಿನಿಂದ ಎರಗಿ ಅವನನ್ನು ಕೆಡವಿ ಗುದ್ದುತ್ತಾನೆ. ಅಲ್ಲಿವರೆಗೆ ಹೆಚ್ಚುಕಡಿಮೆ ಕದಲದೆ ನಿಂತಿದ್ದ ಕ್ಯಾಮೆರಾ ಇಲ್ಲಿ ಕೈಯಲ್ಲಿ ಹಿಡಿದದ್ದು, ಜನರ ಮಧ್ಯೆ ತೂರಾಡುತ್ತದೆ. ಅಷ್ಟೇ, ಅವನ ಕತೆ ಮುಗಿಯಿತು. ಮುಚ್ಚಿದ ಬಾಗಿಲ ಹಿಂದೆ ಬೆತ್ತದ ಏಟು ಕೊಟ್ಟರೆ ಅದು ಶಿಸ್ತು, ಹತ್ತು ಜನರ ಮುಂದೆ ಕೈ ಎತ್ತಿದರೆ ಅವನು ಮನುಷ್ಯನೇ ಅಲ್ಲ. ಮುಂದೆ ಒಂದು ಸಣ್ಣ ದೃಶ್ಯ ಇದೆ, ಬಹಳ ಜನ ಗಮನಿಸುವುದಿಲ್ಲ. ಪದವಿ ಕೊಡಿಸುತ್ತೇನೆ ಅಂದಿದ್ದ ಲಾರ್ಡ್ ವೆಂಡೋವರ್ ಊಟ ಮಾಡುತ್ತಾ ಕೂತಿದ್ದಾನೆ. ಬ್ಯಾರಿ ಹೋಗಿ ಮಾತಾಡಿಸುತ್ತಾನೆ, ಮನೆಗೆ ಕರೆಯುತ್ತಾನೆ. ಆತ ಬೈಯುವುದಿಲ್ಲ, ಮುಖ ತಿರುಗಿಸುವುದಿಲ್ಲ, ನಗುತ್ತಲೇ ಪುರುಸೊತ್ತಿಲ್ಲ ಅನ್ನುತ್ತಾನೆ. ಅದಾದ ಮೇಲೆ ಸಾಲ ಕೊಟ್ಟವರು ಬಿಲ್ ಹಿಡಿದು ಬಾಗಿಲಿಗೆ ಬರುತ್ತಾರೆ.

ನಿಮಗೆ ಕಣ್ಣೀರು ಯಾಕೆ ಬಂತು ಅಂತ ಕೇಳಿದ್ದೀರಲ್ಲ, ಬ್ರಯಾನ್ ಸಾಯುವ ದೃಶ್ಯವನ್ನೇ ತೆಗೆದುಕೊಳ್ಳಿ. ಕುದುರೆಯಿಂದ ಬಿದ್ದ ಮಗು ಹಾಸಿಗೆಯಲ್ಲಿದೆ, ಕೋಟೆಯ ಕತೆ ಹೇಳು ಅನ್ನುತ್ತದೆ. ತಾನೇ ಮೊದಲು ಕೋಟೆಗೆ ಹಾರಿ ಶತ್ರುಗಳ ತಲೆ ಕಡಿದೆ ಅಂತ ಬ್ಯಾರಿ ಮೊದಲಿಂದ ಕೊಚ್ಚಿಕೊಳ್ಳುತ್ತಿದ್ದ ಬಡಾಯಿ ಅದು. ಈಗಲೂ ಅದನ್ನೇ ಶುರು ಮಾಡುತ್ತಾನೆ. ನಡುವೆ ಗಂಟಲು ಕಟ್ಟಿ ಮುಂದೆ ಹೋಗಲಾಗುವುದಿಲ್ಲ. ಜೀವನವಿಡೀ ಸುಳ್ಳು ಹೇಳಿ ಗೆದ್ದವನಿಗೆ ಒಂದು ಸುಳ್ಳನ್ನು ಪೂರ್ತಿ ಮಾಡಲು ಆಗದ ಹೊತ್ತು ಅದು. ಅಲ್ಲಿ ಯಾರ ಕಣ್ಣು ಒಣಗಿರುತ್ತದೆ?

ಆಮೇಲೆ ಕೊನೆಯ ಪಿಸ್ತೂಲು ಕಾಳಗ. ಪಾರಿವಾಳಗಳು ಗುಟುರು ಹಾಕುವ ಹಳೇ ಕಣಜ. ನಾಣ್ಯ ಚಿಮ್ಮಿ ಮೊದಲ ಸರದಿ ಬುಲಿಂಗ್ಡನ್‌ಗೆ. ಭಯಕ್ಕೆ ಪಿಸ್ತೂಲು ಕೈಯಲ್ಲೇ ಹಾರಿ ಗುಂಡು ನೆಲಕ್ಕೆ ಹೋಗುತ್ತದೆ. ಈಗ ಬ್ಯಾರಿಯ ಸರದಿ. ಎದುರು ನಿಂತ ಹುಡುಗ ಹೆದರಿ ವಾಂತಿ ಮಾಡಿಕೊಂಡಿದ್ದಾನೆ. ಬ್ಯಾರಿ ಬೇಕೆಂದೇ ನೆಲಕ್ಕೆ ಹೊಡೆಯುತ್ತಾನೆ. ಸಮಾಧಾನ ಆಯಿತೇ ಅಂತ ಕೇಳಿದರೆ ಬುಲಿಂಗ್ಡನ್ ಇಲ್ಲ ಅನ್ನುತ್ತಾನೆ, ಮುಂದಿನ ಗುಂಡು ಬ್ಯಾರಿಯ ಕಾಲಿಗೆ. ಮೊಣಕಾಲಿನ ಕೆಳಗೆ ಕತ್ತರಿಸುತ್ತಾರೆ. ಇಂಗ್ಲೆಂಡ್ ಬಿಟ್ಟು ಹೋದರೆ ವರ್ಷಕ್ಕೆ 500 ಗಿನಿ ಅಂತ ಲೆಕ್ಕ ಚುಕ್ತಾ ಮಾಡುತ್ತಾರೆ. ಗೆದ್ದವನು ನಿಯಮದ ಪ್ರಕಾರವೇ ಗೆದ್ದಿದ್ದಾನೆ, ಅದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಅದೇ ನನಗೆ ಜಾಸ್ತಿ ಕಿರಿಕಿರಿ ಮಾಡುವ ವಿಷಯ. ಲೇಡಿ ಲಿಂಡನ್ ಆ ಹಣದ ಕಾಗದಕ್ಕೆ ಸಹಿ ಹಾಕುವ ದೃಶ್ಯದಲ್ಲಿ ತಾರೀಖು ಕಾಣುತ್ತದೆ, 1789ರ ಡಿಸೆಂಬರ್. ಪಕ್ಕದ ಫ್ರಾನ್ಸಿನಲ್ಲಿ ಜನ ಬಾಸ್ಟಿಲ್ ಕೋಟೆಗೆ ನುಗ್ಗಿ ಐದು ತಿಂಗಳಾಗಿದೆ. ಈ ಕೋಣೆಯಲ್ಲಿ ಕೂತವರು ಮಾತ್ರ ಲೆಕ್ಕಪತ್ರ ನೋಡುತ್ತಿದ್ದಾರೆ.

ಏನೂ ಅಲ್ಲಾಡುವುದಿಲ್ಲ ಅನ್ನುವ ದೂರಿಗೆ ಬರೋಣ. ಅರ್ಧ ಒಪ್ಪುತ್ತೇನೆ, ಎರಡನೇ ಭಾಗ ಕೆಲವು ಕಡೆ ಎಳೆದಿದೆ. ಆದರೆ ಮೇಣದ ಬತ್ತಿಯ ದೃಶ್ಯಗಳಲ್ಲಿ ನಟರು ಕದಲದಿರುವುದಕ್ಕೆ ಬೇರೆ ಕಾರಣ ಇದೆ. ಕುಬ್ರಿಕ್ ಅವನ್ನು ಬತ್ತಿಯ ಬೆಳಕಿನಲ್ಲೇ ತೆಗೆದ. ಅದಕ್ಕಾಗಿ ನಾಸಾಗೆಂದು ಜೈಸ್ ಕಂಪನಿ ಮಾಡಿದ್ದ 50 ಮಿ.ಮೀ. ಲೆನ್ಸ್ ತಂದು ಕ್ಯಾಮೆರಾಕ್ಕೆ ಜೋಡಿಸಿದ. ಅಪರ್ಚರ್ ಎಫ್ 0.7, ಅಂದರೆ ಕಡಿಮೆ ಬೆಳಕಲ್ಲೂ ಕಾಣುತ್ತದೆ, ಆದರೆ ಫೋಕಸ್ ಇರುವ ಜಾಗ ತೀರಾ ಕಿರಿದು. ನಟ ತಲೆಯನ್ನು ಚೂರು ಮುಂದೆ ತಂದರೂ ಮುಖ ಮಸುಕು. ಹಾಗಾಗಿ ಇಸ್ಪೀಟಿನ ಮೇಜಿನಲ್ಲಿ ಬ್ಯಾರಿ ಮತ್ತು ಲೇಡಿ ಲಿಂಡನ್ ಕಣ್ಣಲ್ಲೇ ಎಲ್ಲ ಮುಗಿಸಬೇಕಾಯಿತು. ಅಲ್ಲಾಡಿದರೆ ಕೆಟ್ಟಿತು ಅನ್ನುವುದು ಕತೆಯ ಜನರಿಗೂ ಸತ್ಯ, ನಟರಿಗೂ ಸತ್ಯ. ಹೊರಗಿನ ದೃಶ್ಯಗಳಲ್ಲೋ, ಕ್ಯಾಮೆರಾ ಒಬ್ಬನ ಹತ್ತಿರ ಶುರುವಾಗಿ ಮೆಲ್ಲಗೆ ಹಿಂದೆ ಸರಿಯುತ್ತಾ ಹೋಗಿ, ಅವನು ಹುಲ್ಲುಗಾವಲಿನಲ್ಲಿ ಒಂದು ಚುಕ್ಕೆ ಆಗುತ್ತಾನೆ. ಛಾಯಾಗ್ರಹಣಕ್ಕೆ ಜಾನ್ ಆಲ್ಕಾಟ್‌ಗೆ ಆಸ್ಕರ್ ಬಂತು, ಕಲಾ ನಿರ್ದೇಶನ, ಉಡುಪು, ಸಂಗೀತ ಸೇರಿ ಒಟ್ಟು ನಾಲ್ಕು. ಬ್ಯಾರಿಯಾದ ರಯಾನ್ ಓನೀಲ್ ಮುಖದಲ್ಲಿ ಭಾವನೆಯೇ ಇಲ್ಲ ಅಂದಿದ್ದೀರಿ. ಇರಬಾರದು ಮೇಡಂ, ಇದ್ದಿದ್ದರೆ ಅವನನ್ನು ಮೊದಲೇ ಹಿಡಿದುಬಿಡುತ್ತಿದ್ದರು!

ಒಂದು ವಿಷಯ ಬಿಟ್ಟೆ. ಥ್ಯಾಕರೆಗೆ ಈ ಕತೆ ಹೊಳೆದದ್ದು ಆಂಡ್ರ್ಯೂ ರಾಬಿನ್ಸನ್ ಸ್ಟೋನಿ ಅನ್ನುವ ನಿಜವಾದ ಐರಿಷ್ ಸೈನಿಕನಿಂದ. ಅವನು ಕಣ್ಣು ಹಾಕಿದ್ದು ಮೇರಿ ಎಲಿನರ್ ಬೋವ್ಸ್ ಅನ್ನುವ ಭಾರೀ ಶ್ರೀಮಂತ ವಿಧವೆಯ ಮೇಲೆ. 1777ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಅವಳ ಬಗ್ಗೆ ಕೆಟ್ಟದಾಗಿ ಬರೆಯಿತು, ಸ್ಟೋನಿ ಅವಳ ಮಾನ ಉಳಿಸಲೆಂದು ಸಂಪಾದಕನ ಜೊತೆ ಕಾಳಗ ಮಾಡಿ ಸಾಯುವ ಹಾಗೆ ಬಿದ್ದುಕೊಂಡ. ಸಾಯುವವನ ಕೊನೇ ಆಸೆ ಅಂತ ಅವಳು ಮದುವೆಗೆ ಒಪ್ಪಿದಳು, ಅವನನ್ನು ಚರ್ಚಿಗೆ ಹೊತ್ತುಕೊಂಡೇ ಹೋದರು. ಮದುವೆಯಾದ ಮೇಲೆ ಗಾಯ ಬೇಗ ವಾಸಿಯಾಯಿತು. ಸಂಪಾದಕನೂ ನಾಟಕದಲ್ಲಿ ಪಾಲುದಾರ ಅಂತಲೇ ಆಮೇಲೆ ಜನ ನಂಬಿದರು. (ನಮ್ಮ ಕಸುಬಿನವರ ಬಗ್ಗೆ ಇಷ್ಟು ಸಾಕು.) ಅವಳು ಲೇಡಿ ಲಿಂಡನ್ ಹಾಗೆ ಸುಮ್ನೆ ಕೂರಲಿಲ್ಲ. ವರ್ಷಗಟ್ಟಲೆ ಹೊಡೆತ ತಿಂದು 1785ರಲ್ಲಿ ತಪ್ಪಿಸಿಕೊಂಡಳು, ಅವನು ಅಪಹರಿಸಿದರೂ ಬಿಡದೆ ಕೋರ್ಟಿನಲ್ಲಿ ಹೋರಾಡಿ 1789ರಲ್ಲಿ ವಿಚ್ಛೇದನ ಪಡೆದಳು. ಸಿನಿಮಾದಲ್ಲಿ ಈ ಗಟ್ಟಿತನ ಕಾಣುವುದಿಲ್ಲ. ಲೇಡಿ ಲಿಂಡನ್ ಆದ ಮರೀಸಾ ಬೆರೆನ್ಸನ್‌ಗೆ ಮಾತುಗಳೇ ಬಹಳ ಕಡಿಮೆ. ನೀವು ಸಿಟ್ಟಾಗುವುದಾದರೆ ಇದಕ್ಕೆ ಆಗಿ, ನಾನೂ ಜೊತೆಗೂಡುತ್ತೇನೆ.

ಕಣ್ಣೀರಿನ ಹೊಣೆ ಯಾರದು ಅನ್ನುವುದೂ ಇದರ ಜೊತೆಗೇ ಇತ್ಯರ್ಥವಾಗುತ್ತದೆ. ಕಾದಂಬರಿಯಲ್ಲಿ ಕೊನೆಯ ಪಿಸ್ತೂಲು ಕಾಳಗವೇ ಇಲ್ಲ, ನೆಲಕ್ಕೆ ಹೊಡೆದ ಗುಂಡೂ ಇಲ್ಲ. ಎರಡೂ ಕುಬ್ರಿಕ್ ಸೇರಿಸಿದ್ದು. ಕಾದಂಬರಿಯಲ್ಲಿ ಬ್ಯಾರಿ ತನ್ನ ಕತೆಯನ್ನು ತಾನೇ ಹೇಳುತ್ತಾನೆ, ಪ್ರತಿ ಪುಟದಲ್ಲೂ ಬಡಾಯಿ, ಎಲ್ಲ ತಪ್ಪೂ ಬೇರೆಯವರದು. ಲಂಡನ್ನಿನ ಫ್ಲೀಟ್ ಜೈಲಿನಲ್ಲಿ ಕುಡಿದು ಕೆಟ್ಟು ಸಾಯುತ್ತಾನೆ. ಕುಬ್ರಿಕ್ ಅವನ ಬಾಯಿ ಮುಚ್ಚಿಸಿ, ಮೈಕೇಲ್ ಹಾರ್ಡರ್ನ್ ದನಿಯಲ್ಲಿ ಬೇರೊಬ್ಬನ ಕೈಗೆ ಕತೆ ಕೊಟ್ಟ. ಮುಂದಾಗುವುದನ್ನು ಆ ದನಿ ಮೊದಲೇ ಹೇಳಿಬಿಡುತ್ತದೆ, ಹಾಗಾಗಿ ಅವನ ಕುಣಿತ ನೋಡುವಾಗಲೇ ನಮಗೆ ಕನಿಕರ ಶುರುವಾಗಿರುತ್ತದೆ. ನಿಮಗೆ ಕನಿಕರ ಬೇಡ, ಕಿಲಾಡಿ ಕಿಲಾಡಿಯಾಗಿಯೇ ಕಾಣಬೇಕು ಅನ್ನುವುದಾದರೆ ಕಾದಂಬರಿ ಓದಿ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಕೊನೆಯ ಅಧ್ಯಾಯ ಮಾತ್ರ ಓದಿ, ಹೆಂಡತಿಯನ್ನು ಅವಳದೇ ಮನೆಯಲ್ಲಿ ಹೇಗೆ ಕಾವಲಿಟ್ಟೆ ಅನ್ನುವುದನ್ನು ಅವನೇ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ.

ನಿಮ್ಮ,
ಸಂಪಾದಕ