ಚಿಕ್ಕಮಗಳೂರಲ್ಲಿ ಕೋಚ್ ಸಿಗುತ್ತಿಲ್ಲ, ಹೊಡೆದ ಚೆಂಡೆಲ್ಲ ಬಲಕ್ಕೇ ತಿರುಗುತ್ತದೆ. ವಿಡಿಯೋ ನೋಡಿ ಗಾಲ್ಫ್ ಸ್ವಿಂಗ್ (ಕೋಲು ಬೀಸುವ ರೀತಿ) ಸರಿಮಾಡಿಕೊಳ್ಳಬಹುದಾ?

ಧಾರಾಳವಾಗಿ. ಆದರೆ ಬೇರೆಯವರ ಸ್ವಿಂಗಿಗಿಂತ ನಿಮ್ಮದನ್ನೇ ಜಾಸ್ತಿ ನೋಡಿ.

ಕ್ಲಬ್ (ಗಾಲ್ಫ್ ಕೋಲು) ಮೇಲಿಂದ ಇಳಿದು ಚೆಂಡಿಗೆ ತಾಗಲು ಸುಮಾರು ಕಾಲು ಸೆಕೆಂಡ್ ಸಾಕು. ಸೆಕೆಂಡಿಗೆ 30 ಫ್ರೇಮಿನ ಮಾಮೂಲಿ ವಿಡಿಯೋದಲ್ಲಿ ಅದು ಏಳೆಂಟು ಚಿತ್ರ ಅಷ್ಟೇ, ಏನೂ ತಿಳಿಯುವುದಿಲ್ಲ. ಫೋನಿನಲ್ಲಿ ಸ್ಲೋ ಮೋಷನ್ ಹಾಕಿ, ಸೆಕೆಂಡಿಗೆ 240 ಫ್ರೇಮ್ ಇದ್ದರೆ ಇನ್ನೂ ಒಳ್ಳೆಯದು. ನೀವು ಬಲಗೈ ಆಟಗಾರರಾದರೆ ಫೋನು ನಿಮ್ಮ ಬಲಗಡೆ, ಕೈಗಳ ಎತ್ತರದಲ್ಲಿ, ಗುರಿಯನ್ನೇ ನೋಡುವ ಹಾಗಿರಲಿ. ಓರೆಯಾಗಿ ಇಟ್ಟರೆ ಸರಿಯಾದ ಸ್ವಿಂಗೂ ತಪ್ಪಾಗಿ ಕಾಣುತ್ತದೆ.

ನಿಮ್ಮ ತೊಂದರೆಗೆ ಸ್ಲೈಸ್ ಅಂತಾರೆ. ಕ್ಲಬ್ ಸಾಗುವ ದಾರಿಗಿಂತ ಚೆಂಡಿಗೆ ತಾಗುವ ಅದರ ಮುಖ ಬಲಕ್ಕೆ ತೆರೆದಿರುವುದೇ ಕಾರಣ. ಮೊದಲು ಹಿಡಿತ ನೋಡಿ. ತಲೆ ಬಗ್ಗಿಸಿದಾಗ ಎಡಗೈಯ ಎರಡು ಗೆಣ್ಣಾದರೂ ಕಾಣಬೇಕು. ಒಂದೇ ಕಂಡರೆ ಆ ಕೈಯನ್ನು ಹಿಡಿಕೆಯ ಮೇಲೆ ತುಸು ಬಲಕ್ಕೆ ಹೊರಳಿಸಿ.

ಕೆಲವು ದಿನ ಇದೊಂದೇ ಸಾಕು. ದಿನಕ್ಕೊಬ್ಬ ಯೂಟ್ಯೂಬ್ ಗುರು ಬದಲಾದರೆ ಸ್ವಿಂಗ್ ಚಿತ್ರಾನ್ನ ಆಗುತ್ತದೆ!

ಮಳೆಗಾಲದಲ್ಲಿ ಕಾಫಿ ಒಣಗಿಸುವ ಕಣ ಖಾಲಿ ಅಲ್ವಾ? ಮಳೆ ಬಿಟ್ಟಾಗ ಅಲ್ಲೇ ಚೆಂಡಿಲ್ಲದೆ ನಿಧಾನಕ್ಕೆ ಬೀಸಿ. ಪಾಚಿ ಜಾರೀತು, ಹುಷಾರು.