ಮಿತಭಾಷಿಗೆ ಪರದೇಶ ಕಷ್ಟವೇ?

ಪ್ರಶ್ನೆ: ಧಾರವಾಡದವನಾದ ನಾನು ಜರ್ಮನಿಯ ಸ್ಟುಟ್‌ಗಾರ್ಟ್ ಸಮೀಪ ವಾಹನ ತಯಾರಿಕೆಗೆ ಸಂಬಂಧಿಸಿದ ಕಂಪನಿಯೊಂದರಲ್ಲಿ ಎಂಜಿನಿಯರ್. ಹುಟ್ಟು ಮಿತಭಾಷಿ. ‘ನಿಮ್ಮ ಅಭಿಪ್ರಾಯವೇನೆಂದು ಸಭೆಗಳಲ್ಲಿ ತಿಳಿಯುವುದೇ ಇಲ್ಲ’ ಎಂದು ಮೇಲಧಿಕಾರಿಗಳು ವಾರ್ಷಿಕ ಮೌಲ್ಯಮಾಪನದಲ್ಲಿ ಬರೆದಿದ್ದಾರೆ. ಆದರೆ ನನ್ನ ಜೊತೆಗೇ ಬಂದ ಗೆಳೆಯ ಎಲ್ಲರೊಡನೆ ಹರಟುವವನಾಗಿದ್ದೂ ನನಗಿಂತ ಹೆಚ್ಚು ಕುಗ್ಗಿಹೋಗಿದ್ದಾನೆ. ಇದೇಕೆ ಹೀಗೆ? ನಾನು ಸ್ವಭಾವವನ್ನು ಬದಲಿಸಿಕೊಳ್ಳಬೇಕೆ?

ಉತ್ತರ: ಸ್ವಭಾವದ ಗೊಡವೆಗೆ ಹೋಗದೆ, ಸಭೆಗೆ ಸಿದ್ಧರಾಗುವ ಕ್ರಮವನ್ನು ಬದಲಿಸಿಕೊಂಡರೆ ಸಾಕೆಂಬುದು ನಮ್ಮ ಅಭಿಪ್ರಾಯ.

ಮಾತುಗಾರರಿಗೆ ಪರದೇಶ ಸುಲಭವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮನೋವಿಜ್ಞಾನಿ ಕಾಲೀನ್ ವಾರ್ಡ್ ಅವರು ಸಹಲೇಖಕರೊಬ್ಬರೊಡನೆ 1997ರಲ್ಲಿ ಪ್ರಕಟಿಸಿದ, ಸಿಂಗಪುರದಲ್ಲಿ ನೆಲೆಸಿದ್ದ ಅಮೆರಿಕನ್ನರನ್ನು ಕುರಿತ ಅಧ್ಯಯನದಲ್ಲಿ ಈ ನಂಬಿಕೆಗೆ ಪುಷ್ಟಿ ದೊರೆಯಲಿಲ್ಲ. ಬಹಿರ್ಮುಖತೆಯಿಂದಷ್ಟೇ ಅವರ ಮನಃಸ್ಥಿತಿಯನ್ನು ಊಹಿಸಲಾಗಲಿಲ್ಲ. ಆ ಗುಣದಲ್ಲಿ ಸ್ಥಳೀಯರ ಸರಾಸರಿಗಿಂತ ಯಾರು ಹೆಚ್ಚು ದೂರವಿದ್ದರೋ ಅವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿದ್ದವು. ಕಚೇರಿಯ ಒಡನಾಟವನ್ನು ಮನೆಯ ಬಾಗಿಲವರೆಗೆ ತರುವ ರೂಢಿ ಕಡಿಮೆಯಿರುವ ಜರ್ಮನಿಯಲ್ಲಿ, ಮೊದಲ ವಾರವೇ ಸಲುಗೆ ಬಯಸುವ ನಿಮ್ಮ ಗೆಳೆಯರಿಗೆ ಎದುರಿನವರ ಸಂಯಮವು ತಿರಸ್ಕಾರದಂತೆ ತೋರಿರಬಹುದು. ಅಲ್ಲಿ ಸ್ನೇಹ ಬೆಳೆಯುವುದು ಹೆಚ್ಚಾಗಿ ಕ್ರೀಡೆ, ಗಾಯನ, ಚಾರಣ ಮುಂತಾದ ಹವ್ಯಾಸದ ಸಂಘಗಳಲ್ಲಿ, ಅದೂ ನಿಧಾನವಾಗಿ. ಅವರು ಅಂಥದೊಂದು ಸಂಘವನ್ನು ಸೇರಲಿ. ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವಗಳು ಮನಸ್ಸಿಗೆ ತಂಪೆರೆಯುತ್ತವೆ, ನಿಜ. ಆದರೆ ವಾರಾಂತ್ಯವೆಲ್ಲ ಅಲ್ಲಿಯೇ ಕಳೆದರೆ ಸ್ಥಳೀಯರ ರೀತಿನೀತಿಗಳು ಅಪರಿಚಿತವಾಗಿಯೇ ಉಳಿಯುತ್ತವೆ.

ಇನ್ನು ನಿಮ್ಮ ವಿಷಯ. ಒಂದೆಡೆ ನೆಮ್ಮದಿಯಿಂದಿರುವುದು ಬೇರೆ, ಅಲ್ಲಿಯವರಿಗೆ ನಾವು ಅರ್ಥವಾಗುವುದು ಬೇರೆ. ಮೊದಲನೆಯದು ನಿಮಗೆ ಸಿದ್ಧಿಸಿದೆ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಅವರು, ಸನ್ನಿವೇಶ ಮತ್ತು ಸಂಬಂಧಗಳಿಂದಲೇ ಬಹುಪಾಲು ಅರ್ಥವನ್ನು ಗ್ರಹಿಸುವ ಸಮಾಜಗಳನ್ನು, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಾದ ಸಮಾಜಗಳಿಂದ ಬೇರ್ಪಡಿಸಿ ತೋರಿಸಿದರು. ಜಪಾನ್ ಮೊದಲ ಬಗೆಯದು, ಜರ್ಮನಿ ಎರಡನೆಯದು. ನಮ್ಮ ಕಚೇರಿಗಳಲ್ಲಿ ಹಿರಿಯರ ಮುಂದಿನ ಮೌನಕ್ಕೆ ಗೌರವವೆಂಬ ಅರ್ಥವಿರುವುದರಿಂದ ಅಂತರ್ಮುಖಿಯ ಸಂಕೋಚ ಅದರ ಮರೆಯಲ್ಲಿ ಸುಖವಾಗಿ ಅಡಗಿಬಿಡುತ್ತದೆ; ಸ್ಟುಟ್‌ಗಾರ್ಟಿನಲ್ಲಿ ಆ ಮರೆ ಇಲ್ಲ. ಹೇಳದ ಆಕ್ಷೇಪಣೆಯನ್ನು ಅಲ್ಲಿ ಇಲ್ಲದ ಆಕ್ಷೇಪಣೆಯೆಂದೇ ಎಣಿಸುತ್ತಾರೆ. ಆದ್ದರಿಂದ ಸಭೆಯ ವಿಷಯಸೂಚಿಯನ್ನು ಮುಂಚಿತವಾಗಿ ತರಿಸಿಕೊಳ್ಳಿ, ನಿಮಗೆ ಸಂಬಂಧಿಸಿದ ಒಂದು ಅಂಶದ ಬಗ್ಗೆ ಎರಡು ವಾಕ್ಯ ಬರೆದಿಟ್ಟುಕೊಂಡು ಚರ್ಚೆ ಕಾವೇರುವ ಮುನ್ನವೇ ಹೇಳಿಬಿಡಿ, ಉಳಿದದ್ದನ್ನು ಅದೇ ದಿನ ಇಮೇಲಿನಲ್ಲಿ ತಿಳಿಸಿ. ಪೂರ್ವಸಿದ್ಧತೆಗೆ ಬೆಲೆ ಕೊಡುವ ಆ ಪರಿಸರ ಮಿತಭಾಷಿಗೆ ಅನುಕೂಲವೇ ಆಗಿದೆ. ನಿಜವಾಗಿ ಎಚ್ಚರ ಬೇಕಾದದ್ದು ಯಾರ ಮನಸ್ಸನ್ನೂ ನೋಯಿಸಬಾರದೆಂಬ ಒಳ್ಳೆಯತನದ ಬಗ್ಗೆ: ಆಗದ ಗಡುವಿಗೂ ತಲೆಯಾಡಿಸಿ ಕಡೆಯ ದಿನ ಕೈಚೆಲ್ಲುವವನನ್ನು, ಮೊದಲ ದಿನವೇ ಆಗದೆಂದವನಿಗಿಂತ ಬಹಳ ಕೆಳಗಿನ ಸ್ಥಾನದಲ್ಲಿಡುತ್ತಾರೆ.

ಪ್ರಶ್ನೆ: ವಿದೇಶಕ್ಕೆ ಕಳುಹಿಸುವ ಮುನ್ನ ವ್ಯಕ್ತಿತ್ವ ಪರೀಕ್ಷೆ ನಡೆಸುವುದರಿಂದ ಪ್ರಯೋಜನವುಂಟೆ? (ಓದುಗರು, ಮೈಸೂರು)

ಉತ್ತರ: ಅಲ್ಪಸ್ವಲ್ಪ ಉಂಟು. ನೆದರ್ಲೆಂಡ್ಸಿನ ಕರೆನ್ ವಾನ್ ಡೆರ್ ಝೇ ಮತ್ತು ಯಾನ್ ಪೀಟರ್ ವಾನ್ ಔಡೆನ್‌ಹೋವನ್ 2000ದಲ್ಲಿ ಪ್ರಕಟಿಸಿದ ಪ್ರಶ್ನಾವಳಿಯು ಅನ್ಯಸಂಸ್ಕೃತಿಯವರ ಭಾವನೆಗಳನ್ನು ಅರಿಯುವ ಶಕ್ತಿ, ಮುಕ್ತ ಮನಸ್ಸು, ತಾನಾಗಿ ಮುಂದೆ ಬಂದು ಬೆರೆಯುವ ಗುಣ, ಭಾವನಾತ್ಮಕ ಸ್ಥಿರತೆ ಮತ್ತು ಹೊಂದಿಕೊಳ್ಳುವ ಗುಣಗಳನ್ನು ಅಳೆಯುತ್ತದೆ. ನಮ್ಮ ದೃಷ್ಟಿಯಲ್ಲಿ ಕಡೆಯ ಎರಡೇ ಹೆಚ್ಚು ಮುಖ್ಯ. ತಪ್ಪು ತಿಳಿವಳಿಕೆ ಅನಿವಾರ್ಯವಾದ ಕಡೆ, ಅದರಿಂದ ಕಂಗೆಡದೆ ‘ನೀವು ಹೇಳಿದ್ದನ್ನು ನಾನು ಸರಿಯಾಗಿ ಗ್ರಹಿಸಿದೆನೆ?’ ಎಂದು ಕೇಳಬಲ್ಲವನಿಗೆ ದಾರಿ ಸಿಗುತ್ತದೆ. ಆದರೆ ಉತ್ತರಿಸುವವನು ಅಭ್ಯರ್ಥಿಯೇ ಆಗಿರುವುದರಿಂದ ಕಂಪನಿಗೆ ಹಿತವಾದದ್ದನ್ನೇ ಬರೆಯುವ ಸಂಭವವಿದೆ. ಜೊತೆಯಲ್ಲಿ ಹೋಗುವ ಪತ್ನಿ ಅಥವಾ ಪತಿಯ ಮನಸ್ಸನ್ನಂತೂ ಯಾರೂ ವಿಚಾರಿಸುವಂತೆ ಕಾಣುವುದಿಲ್ಲ.

ಪ್ರಶ್ನೆ: ನಾನು ನೇರ ಮಾತಿನವಳು. ಟೋಕಿಯೊದಲ್ಲಿ ಕೆಲಸ ಸಿಕ್ಕಿದೆ. ತೊಂದರೆಯಾದೀತೆ? (ಓದುಗರು, ಶಿವಮೊಗ್ಗ)

ಉತ್ತರ: ಸ್ಟುಟ್‌ಗಾರ್ಟಿನ ಎಂಜಿನಿಯರ್‌ಗೆ ಮೇಲೆ ಕೊಟ್ಟ ಸಲಹೆಯನ್ನು ನೀವು ಮಾತ್ರ ತಿರುವುಮುರುವಾಗಿ ಓದಿಕೊಳ್ಳಬೇಕು. ಜಪಾನಿನ ಅನೇಕ ಕಚೇರಿಗಳಲ್ಲಿ ಸಭೆಗೆ ಮೊದಲೇ ಸಂಬಂಧಪಟ್ಟ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕಂಡು ಒಪ್ಪಿಗೆ ಪಡೆಯುವ ‘ನೆಮವಾಶಿ’ ಎಂಬ ಪದ್ಧತಿಯಿದೆ. ಸಭೆಯು ಬಹುಮಟ್ಟಿಗೆ ಆ ಒಪ್ಪಿಗೆಗೆ ಮುದ್ರೆಯೊತ್ತುವ ಸ್ಥಳ. ಅಲ್ಲಿ ಎಲ್ಲರೆದುರು ನೀವು ಎತ್ತುವ ಆಕ್ಷೇಪಣೆ ಎಷ್ಟೇ ಸರಿಯಿದ್ದರೂ ಪ್ರಸ್ತಾಪ ತಂದವರಿಗೆ ಮುಖಭಂಗವಾಗುತ್ತದೆ. ಅದೇ ಮಾತನ್ನು ಹಿಂದಿನ ದಿನ ಅವರ ಮೇಜಿನ ಬಳಿ ಹೋಗಿ ಹೇಳಿದರೆ, ನೇರ ಸ್ವಭಾವವೂ ಉಳಿಯುತ್ತದೆ, ಪ್ರಸ್ತಾಪವನ್ನು ತಿದ್ದಿಕೊಳ್ಳಲು ಅವರಿಗೆ ಸಮಯವೂ ಸಿಗುತ್ತದೆ.